ಮೇಡದ ಮುಖ, ಚಿಂಗಂ ಮುಖ

ಲಾವಂಚದ ಬೇರಿನ ವಾಸನೆ ಮೂಗಿಗೆ ಬಡಿದ ಕೂಡಲೇ ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಕೊಚ್ಚಿಯ ಕಾಕ್ಕನಾಡಿನ ಒಂದು ಏಸಿ ಹಾಕಿದ ಬಟ್ಟೆ ಅಂಗಡಿ. ಸೊಸೆಯ ಜೊತೆ ಹೋಗಿದ್ದೆ. ಯಾರ ಮುಖಕ್ಕೆ ಯಾವ ಋತುವಿನ ಬಣ್ಣಗಳು ಒಪ್ಪುತ್ತವೆ ಅಂತ ನೋಡಿ ಹೇಳುವವರು ಈಗ ಬಂದಿದ್ದಾರಂತೆ. ಅಲ್ಲಿನ ಹುಡುಗಿ ಸೊಸೆಯನ್ನು ಕನ್ನಡಿಯ ಮುಂದೆ ಕೂರಿಸಿ, ಪೆಟ್ಟಿಗೆಯಿಂದ ಬಟ್ಟೆಯ ತುಂಡುಗಳನ್ನು ತೆಗೆದು ಒಂದೊಂದನ್ನೇ ಗಲ್ಲದ ಕೆಳಗೆ ಹಿಡಿಯುತ್ತಿದ್ದಳು. ಪೆಟ್ಟಿಗೆಗೆ ಹುಳ ಬೀಳದಿರಲಿ ಅಂತ ಲಾವಂಚ ಇಟ್ಟಿದ್ದರು. ಸೊಸೆಗೆ ಎರಡು ಋತುಗಳ ನಡುವೆ ಯಾವುದು ಅಂತ ಬಹಳ ಹೊತ್ತು ತೀರ್ಮಾನವಾಗಲಿಲ್ಲ. ಕೊನೆಗೆ ಏನೋ ಒಂದು ಇಂಗ್ಲಿಷ್ ಹೆಸರು ಸಿಕ್ಕಿತು, ಖುಷಿಯಾದಳು. ಅಷ್ಟು ಹೊತ್ತೂ ನಾನು ಅಂಗಡಿಯಲ್ಲಿ ಅತ್ತಿಂದಿತ್ತ ಓಡಾಡುತ್ತಲೇ ಇದ್ದೆ. "ಅಮ್ಮ, ಕಾಲು ನೋವಾ?" ಅಂತ ಅವಳು ಕೇಳಿದಳು. ಕಾಲಲ್ಲ...

ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ಅಪ್ಪನಿಗೆ ಬ್ಯಾಂಕಿನಲ್ಲಿ ತಿರುವನಂತಪುರಕ್ಕೆ ವರ್ಗವಾಗಿ, ಮೈಸೂರಿನಿಂದ ನಾವು ಉಳ್ಳೂರಿನ ಒಂದು ಬಾಡಿಗೆ ಮನೆಗೆ ಬಂದು ಇಳಿದಿದ್ದೆವು. ಪಕ್ಕದ ಮನೆಯವರು ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಹೊಲಿಗೆ ಕಲಿಸುತ್ತಿದ್ದರು. ಊರಿಗೆಲ್ಲ ಅವರು ಟೀಚರ್. ಗಂಡ ಅಲ್ಲಿಯವರೇ, ಪೋಸ್ಟಾಫೀಸಿನಲ್ಲಿದ್ದರು, ಮಾತು ಕಡಿಮೆ. ಟೀಚರ್ ಮಾತ್ರ ಕಾಸರಗೋಡಿನವರು. ಬಂದ ಮೊದಲ ದಿನವೇ ಕಾಂಪೌಂಡಿನ ಆಚೆಯಿಂದ "ನೀವು ಕನ್ನಡದವರಾ? ಅಯ್ಯೋ, ಎಷ್ಟು ಕಾಲ ಆಯ್ತು ಈ ಭಾಷೆ ಕೇಳದೆ!" ಅಂತ ಒಂದು ಬಟ್ಟಲು ಹಲಸಿನ ಹಣ್ಣು ದಾಟಿಸಿದರು. ಅಮ್ಮನಿಗೆ ಹೋದ ಜೀವ ಬಂದಂತಾಯಿತು.

ಅವರ ಇನ್ನೊಂದು ವಿದ್ಯೆ ನಮಗೆ ತಿಳಿದದ್ದು ಭಾನುವಾರ. ಬೆಳಿಗ್ಗೆ ಎಂಟಕ್ಕೆಲ್ಲ ಅವರ ಜಗಲಿಯಲ್ಲಿ ಮೂರ್ನಾಲ್ಕು ಹೆಂಗಸರು ಬಂದು ಕೂರುತ್ತಿದ್ದರು. ಮಗಳ ಮದುವೆಗೆ ಸೀರೆ ಕೊಳ್ಳುವ ಮೊದಲು, ಯಾವ ಬಣ್ಣ ಅಂತ ಟೀಚರ್ ಬಾಯಿಂದ ಕೇಳಿಕೊಂಡು ಹೋಗುವ ರೂಢಿ ಆ ಬೀದಿಯಲ್ಲಿ ಬೆಳೆದಿತ್ತು. ಟೀಚರ್ ಇದಕ್ಕೆ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಕಟ್ಟುನಿಟ್ಟು ಮಾತ್ರ ಬಹಳ. ಹುಡುಗಿ ಮುಖ ತೊಳೆದು ಬರಬೇಕು. ಪೌಡರ್ ಇಲ್ಲ, ಕುಂಕುಮ ಇಲ್ಲ, ಕೊರಳ ಸರವನ್ನೂ ಬಿಚ್ಚಿಡಬೇಕು. ಉಟ್ಟ ಬಟ್ಟೆಯ ಬಣ್ಣ ಮುಖಕ್ಕೆ ಹೊಡೆಯದಂತೆ ಒಂದು ಬಿಳಿ ಮುಂಡು ಪಂಚೆ ಹೊದಿಸಿ, ಉತ್ತರದ ಬೆಳಕಿಗೆ ಮುಖ ಮಾಡಿ ಕೂರಿಸುತ್ತಿದ್ದರು. ಆಮೇಲೆ ಲಾವಂಚದ ಬೇರು ಹಾಕಿಟ್ಟ ಟ್ರಂಕಿನಿಂದ, ಆ ವಾಸನೆಯ ಜೊತೆಗೇ, ಬಟ್ಟೆ ಬರುತ್ತಿತ್ತು. ಒಂದು ತುಂಡನ್ನು ಗಲ್ಲದ ಕೆಳಗಿಟ್ಟು, ತಾವು ಕಣ್ಣು ಮುಚ್ಚಿ ಹತ್ತು ಎಣಿಸಿ, ತಟ್ಟನೆ ಕಣ್ಣು ಬಿಟ್ಟು ನೋಡುತ್ತಿದ್ದರು. ಮೊದಲ ನೋಟಕ್ಕೆ ಕಂಡದ್ದೇ ನಿಜ, ಆಮೇಲೆ ಕಣ್ಣು ಒಗ್ಗಿಹೋಗಿ ಸುಳ್ಳು ಹೇಳುತ್ತದೆ ಎನ್ನುತ್ತಿದ್ದರು.

ಟ್ರಂಕಿನಲ್ಲಿ ನಾಲ್ಕು ಗಂಟುಗಳಿದ್ದವು. ಮಲಯಾಳಂ ತಿಂಗಳ ಹೆಸರೇ ಅವುಗಳಿಗೆ. ಬೇಸಿಗೆಯಲ್ಲಿ ವಿಷು ಬರುವ ಮೇಡ, ಜಡಿಮಳೆಯ ಕರ್ಕಿಡಕ, ಓಣಂ ಬರುವ ಚಿಂಗಂ, ಚಳಿಯ ಧನು. ಮನುಷ್ಯರ ಮುಖವೂ ಈ ನಾಲ್ಕರಲ್ಲಿ ಒಂದು ಅಂತ ಅವರ ಲೆಕ್ಕ. ಕರ್ಕಿಡಕ, ಧನು ಎರಡೂ ನೀಲಿಯ ಕಡೆಯವು. ಮೇಡ, ಚಿಂಗಂ ಎರಡೂ ಹಳದಿಯ ಕಡೆಯವು. ನೀಲಿಯೋ ಹಳದಿಯೋ ಅನ್ನುವುದನ್ನು ನಾನು ಒಂದೇ ತಿಂಗಳಲ್ಲಿ ಕಲಿತೆ. ತಲೆ ಕೆಡಿಸಿದ್ದು ಮೇಡ ಮತ್ತು ಚಿಂಗಂ. ಎರಡು ಗಂಟಿನಲ್ಲೂ ಅರಿಶಿನ, ಹಸಿರು, ಕೆಂಪು, ಕಿತ್ತಳೆ ಎಲ್ಲವೂ ಇದ್ದವು. ನನಗೆ ಎಲ್ಲ ಒಂದೇ ಥರ ಕಾಣುತ್ತಿತ್ತು.

"ಒಂದೇ ಅಲ್ಲ ಮಾರಾಯ್ತಿ, ಸರಿಯಾಗಿ ನೋಡು," ಎನ್ನುತ್ತಿದ್ದರು. "ಮೇಡದ ಬಣ್ಣ ಬಿಸಿಲಲ್ಲಿ ಬೆಂದದ್ದು, ಅದರಲ್ಲಿ ಧೂಳುಂಟು. ಚಿಂಗಂ ಅಂದ್ರೆ ಮಳೆ ತೊಳೆದಿಟ್ಟ ಮೇಲಿನ ಬಿಸಿಲು."

"ವಿಷುವಿಗೆ ಬಿಡೋ ಕೊನ್ನೆ, ನಮ್ಮ ಕಕ್ಕೆ ಹೂ, ಫಳಫಳ ಅನ್ನುತ್ತಲ್ಲ ಟೀಚರ್, ಅದರಲ್ಲಿ ಎಲ್ಲಿದೆ ಧೂಳು?" ಅಂತ ನಾನು ವಾದಕ್ಕೆ ಬಿದ್ದೆ.

"ಹೂ ಬಿಡು, ಅದರ ಹಿಂದಿನ ಆಕಾಶ ನೋಡು. ಬೂದಿ ಬಡಿದ ಹಾಗೆ ಇರ್ತದೆ. ನಾನು ಹೇಳುವುದು ಆ ಬೆಳಕಿನ ಮಾತು."

ಪರೀಕ್ಷೆಯನ್ನೂ ಹೇಳಿಕೊಟ್ಟರು. ಚಿಂಗಂ ಮುಖಕ್ಕೆ ಮೇಡದ ಬಟ್ಟೆ ಹಿಡಿದರೆ ಮುಖ ನಿದ್ದೆಗೆಟ್ಟಂತೆ ಆಗುತ್ತದೆ, ಕಣ್ಣ ಕೆಳಗೆ ಕಪ್ಪು ಏಳುತ್ತದೆ, ತುಟಿ ಮಾಯವಾಗುತ್ತದೆ. ಮೇಡದ ಮುಖಕ್ಕೆ ಚಿಂಗಂ ಬಟ್ಟೆ ಹಿಡಿದರೆ ಸೀರೆ ಮೊದಲು ಬರುತ್ತದೆ, ಹುಡುಗಿ ಆಮೇಲೆ ಬರುತ್ತಾಳೆ. ಈ ಮಾತು ನನಗೆ ಎಷ್ಟು ಹಿಡಿಸಿತೆಂದರೆ ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಎದುರು ಕೂತವರನ್ನೆಲ್ಲ ಮನಸ್ಸಿನಲ್ಲೇ ಗಂಟು ಕಟ್ಟಿ ಇಡುತ್ತಿದ್ದೆ. ಎರಡನೇ ವರ್ಷದ ಹೊತ್ತಿಗೆ ಭಾನುವಾರ ಟ್ರಂಕು ತೆಗೆಯುವವಳು, ಬಟ್ಟೆ ಎತ್ತಿಕೊಡುವವಳು ನಾನೇ. ಟೀಚರ್ ಹತ್ತು ಎಣಿಸಿ ಕಣ್ಣು ಬಿಟ್ಟು, ಎಲ್ಲರೆದುರು ನನ್ನ ಕಡೆ ತಿರುಗಿ, "ಹೇಳು ನೋಡುವ, ಇದು ಯಾವುದು?" ಎನ್ನುತ್ತಿದ್ದರು. ನಾನು ಹೇಳುತ್ತಿದ್ದೆ. ಅವರು ತಲೆಯಾಡಿಸುತ್ತಿದ್ದರು. ಪಾಸಾದೆ ಅಂತ ನಾನು ಬೀಗುತ್ತಿದ್ದೆ.

ಒಂದೇ ಒಂದು ಸಿಟ್ಟು ಒಳಗೆ ಕೂತಿತ್ತು. ಟೀಚರ್ ನನ್ನನ್ನು ಮೇಡ ಅಂದಿದ್ದರು. ನನಗೋ ಚಿಂಗಂ ಗಂಟಿನ ಮೇಲೇ ಆಸೆ, ಅದರಲ್ಲೂ ಒಂದು ತಿಳಿ ಕಿತ್ತಳೆಯ ಮೇಲೆ. ಕಾಲೇಜ್ ಡೇಗೆ ಸೀರೆ ತರುವಾಗ ಆ ಬಣ್ಣವೇ ಬೇಕು ಅಂತ ಹಟ ಹಿಡಿದೆ. ಅಮ್ಮ ಟೀಚರನ್ನು ಕೇಳಿದರು. "ಬೇಡ, ಅವಳು ಮೇಡ," ಅಂದುಬಿಟ್ಟರು. ಕೊನೆಗೆ ಬಂದದ್ದು ಇಟ್ಟಿಗೆ ಪುಡಿಯ ಬಣ್ಣದ ಸೀರೆ. ಅದನ್ನುಟ್ಟು ಹೋದ ದಿನ ಗೆಳತಿಯರು "ಹುಷಾರಿಲ್ವಾ?" ಅಂತ ಒಬ್ಬರಾದ ಮೇಲೊಬ್ಬರು ಕೇಳಿದರು. ಹದಿನೆಂಟು ವರ್ಷ ನನಗೆ. ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ.

ಅದರ ಮುಂದಿನ ಭಾನುವಾರವೇ ಅಪ್ಪನ ಜೊತೆ ಕೆಲಸ ಮಾಡುತ್ತಿದ್ದ ದಾವಣಗೆರೆಯವರ ಮಗಳು ಬಂದಳು. ಮದುವೆ ಗೊತ್ತಾಗಿತ್ತು, ಧಾರೆಯ ಸೀರೆಗೆ ಬಣ್ಣ ನೋಡಬೇಕಿತ್ತು. ತಾಯಿ, ಸೋದರತ್ತೆ ಇಬ್ಬರೂ ಜೊತೆಗಿದ್ದರು. ಹಳದಿಯ ಕಡೆ ಅಂತ ಬೇಗ ಗೊತ್ತಾಯಿತು. ಉಳಿದದ್ದು ಅದೇ ಜಗಳಗಂಟಿ ಜೋಡಿ. ಮೇಡದ ಹಸಿರು ಹಿಡಿದೆ, ಹುಡುಗಿಯ ಮುಖ ಬೆಣ್ಣೆಯಂತೆ ನಯವಾಯಿತು. ಚಿಂಗಂ ಹಸಿರು ಹಿಡಿದೆ, ಸೀರೆ ಮೊದಲು ಬಂತು. ಸಂಶಯವೇ ಇರಲಿಲ್ಲ. ಅವಳು ಮೇಡ.

"ಹೇಳು ನೋಡುವ, ಯಾವುದು?" ಟೀಚರ್ ಕೇಳಿದರು.

"ಚಿಂಗಂ," ಅಂದೆ.

ಯಾಕೆ ಹಾಗೆ ಹೇಳಿದೆ ಅಂದರೆ ಹೊಟ್ಟೆಯುರಿ, ಅಷ್ಟೇ. ಇವರ ಕಣ್ಣು ಅಷ್ಟು ಚುರುಕಾಗಿದ್ದರೆ ಹಿಡಿಯಲಿ ನೋಡೋಣ ಅನ್ನುವ ಕೊಬ್ಬು. ಅವರು ನಕ್ಕು, ಹುಚ್ಚಿ, ಇನ್ನೊಮ್ಮೆ ನೋಡು ಅನ್ನುತ್ತಾರೆ ಅಂತ ಕಾದೆ. ಅವರು ಅನ್ನಲಿಲ್ಲ. ಬಟ್ಟೆಯ ಹತ್ತಿರಕ್ಕೆ ಬಗ್ಗಿ ಒಂದು ಗಳಿಗೆ ನೋಡಿ, "ಹಾಂ, ಚಿಂಗಂ," ಅಂದು ತಾಯಿಯ ಕಡೆ ತಿರುಗಿದರು. "ಇದೇ ಹಸಿರು ತಕೊಳ್ಳಿ ಅಮ್ಮ, ಕೆಂಪು ಅಂಚು ಇರ್ಲಿ."

ಆವಾಗ ತಿಳಿಯಿತು. ಟೀಚರಿಗೆ ಕಾಣುತ್ತಿರಲಿಲ್ಲ. ಕಣ್ಣಿಗೆ ಪೊರೆ ಬಂದಿತ್ತು, ಎಷ್ಟು ದಿನದಿಂದಲೋ. ಭಾನುವಾರ ಭಾನುವಾರ ಅವರು ನನ್ನನ್ನು ಪರೀಕ್ಷೆ ಮಾಡುತ್ತಿರಲಿಲ್ಲ. ನನ್ನ ಕಣ್ಣಿನಿಂದ ನೋಡುತ್ತಿದ್ದರು. ಆಗಲೇ ಬಾಯಿ ಬಿಟ್ಟಿದ್ದರೆ ಎಲ್ಲ ಸರಿಹೋಗುತ್ತಿತ್ತು. ತಾಯಿ, ಅತ್ತೆ ಬೀದಿಯ ತಿರುವು ದಾಟುವವರೆಗೂ ನಾನು ಬಟ್ಟೆ ಮಡಿಸುತ್ತ ನಿಂತೆ. ಸಂಜೆಗೆ ಚಾಲೆ ಪೇಟೆಯಲ್ಲಿ ಸೀರೆ ಕೊಂಡದ್ದೂ ಆಯಿತು. ಮದುವೆಗೆ ಇನ್ನೂ ಮೂರು ವಾರವಿತ್ತು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಅಂತ ದಿನಕ್ಕೆ ಹತ್ತು ಸಲ ಕಾಂಪೌಂಡಿನವರೆಗೆ ಹೋಗಿ ತಿರುಗಿ ಬಂದೆ...

ಮದುವೆ ತಂಪಾನೂರಿನ ಹತ್ತಿರದ ಒಂದು ಛತ್ರದಲ್ಲಿ. ಹುಡುಗಿ ಮಂಟಪಕ್ಕೆ ಬಂದಾಗ ಹಸಿರು ಸೀರೆ ಬಂತು, ಅವಳು ಎಲ್ಲೋ ಹಿಂದೆ ಉಳಿದಳು. "ಸೀರೆ ಕಾಣ್ತದೆ, ಹುಡುಗಿನೇ ಕಾಣಲ್ವಲ್ರೀ," ಅಂತ ಗಂಡಿನ ಕಡೆಯವರು ಯಾರೋ ಗಟ್ಟಿಯಾಗಿಯೇ ಅಂದರು. ಹುಡುಗಿಗೆ ಕೇಳಿಸಿತು, ಕಣ್ಣು ತುಂಬಿತು. ಊಟದ ಮುಂಚೆ ಅವಳ ತಾಯಿ ಟೀಚರ್ ಹತ್ತಿರ ಬಂದು, ನಿಮ್ಮ ಮಾತು ನಂಬಿ ಕೆಟ್ಟೆವು ಅಂತ ನಾಲ್ಕು ಜನರ ಮುಂದೆ ಹಂಗಿಸಿದರು. ಟೀಚರ್ ಹುಡುಗಿಯನ್ನು ಬಾಗಿಲ ಬೆಳಕಿಗೆ ಕರೆದು, ಮುಖವನ್ನು ಎರಡೂ ಕೈಯಲ್ಲಿ ಹಿಡಿದು ತೀರ ಹತ್ತಿರದಿಂದ ನೋಡಿದರು. ಆಮೇಲೆ, "ಕಣ್ಣು ನನ್ನದು, ತಪ್ಪೂ ನನ್ನದು ಅಮ್ಮ," ಅಂದರು. ನನ್ನ ಹೆಸರು ಎತ್ತಲಿಲ್ಲ. ನಾನು ಎರಡು ಕಂಬದಾಚೆ ನಿಂತಿದ್ದೆ.

ಮುಂದಿನ ಭಾನುವಾರ ಜಗಲಿಗೆ ಯಾರೂ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. "ಮಗಳೇ, ಸುಮ್ಮನೆ ಬಂದು ಕೂತುಕೊಳ್ಳಬಾರದಾ?" ಅಂತ ಟೀಚರ್ ಕರೆದರು. ಪರೀಕ್ಷೆ ಇದೆ ಅಂದೆ. ನಾಲ್ಕು ಗಂಟನ್ನೂ ಬಿಚ್ಚಿ ಸ್ಕೂಲಿನ ಮಕ್ಕಳಿಗೆ ಹೊಲಿಗೆ ಕಲಿಯಲು ಕೊಟ್ಟರು ಅಂತ ಅಮ್ಮನಿಂದ ತಿಳಿಯಿತು. ವರ್ಷ ತುಂಬುವುದರೊಳಗೆ ಅಪ್ಪನಿಗೆ ಕೊಚ್ಚಿಗೆ ವರ್ಗವಾಯಿತು. ಸಾಮಾನು ಕಟ್ಟಿದಾಗ ನನಗೆ ದುಃಖವಾಗಲಿಲ್ಲ, ತಪ್ಪಿಸಿಕೊಂಡೆ ಅನ್ನಿಸಿತು. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಎಪ್ಪತ್ತರ ದಶಕದ ನಡುವೆ, ನನಗೂ ಎರ್ನಾಕುಲಂನಲ್ಲಿ ಬ್ಯಾಂಕಿನ ಕೆಲಸ ಸಿಕ್ಕ ಮೇಲೆ, ಟ್ರೇನಿಂಗಿಗೆಂದು ತಿರುವನಂತಪುರಕ್ಕೆ ಹೋಗಬೇಕಾಯಿತು. ಈ ಸಲ ಹೇಳಿಯೇ ಬರುತ್ತೇನೆ ಅಂತ ರೈಲಿನಲ್ಲಿ ಉದ್ದಕ್ಕೂ ಮಾತು ಜೋಡಿಸಿಕೊಂಡೆ. ತಂಪಾನೂರು ಸ್ಟೇಷನ್ನಿನಲ್ಲಿ ಇಳಿದು, ಲಾಡ್ಜಿಗೂ ಹೋಗದೆ, ಉಳ್ಳೂರಿನ ಬಸ್ಸು ಹತ್ತಿದೆ.

ಟೀಚರಿಗೆ ಎರಡೂ ಕಣ್ಣಿನ ಆಪರೇಷನ್ ಆಗಿತ್ತು. ಸೋಡಾಬುಡ್ಡಿ ಕನ್ನಡಕದ ಹಿಂದೆ ಕಣ್ಣು ಎರಡರಷ್ಟು ದೊಡ್ಡದಾಗಿ ಕಾಣುತ್ತಿತ್ತು. "ಪೊರೆ ತೆಗೆದ ದಿನ ಆಕಾಶ ನೋಡಿ ಹೆದರಿದೆ ಮಗಳೇ, ಅಷ್ಟು ನೀಲಿ!" ಅಂತ ಮಗುವಿನಂತೆ ನಕ್ಕರು. ಆಮೇಲೆ ನನ್ನ ಕೈ ಹಿಡಿದು ಜಗಲಿಯ ಬೆಳಕಿಗೆ ಎಳೆದರು. ನೋಡಿದರು. ಕಣ್ಣು ಮುಚ್ಚಿ ಎಣಿಸಿ, ಮತ್ತೆ ನೋಡಿದರು. ಅವರ ನಗು ನಿಂತಿತು.

"ಅಯ್ಯೋ ದೇವರೇ... ನೀನು ಮೇಡ ಅಲ್ಲ. ನೀನು ಚಿಂಗಂ. ನೀನು ಬರುವಾಗಲೇ ನನ್ನ ಕಣ್ಣಿಗೆ ಎಲ್ಲದರ ಮೇಲೂ ಧೂಳು ಕಾಣ್ತಿತ್ತು ಅಂತ ಕಾಣ್ತದೆ. ನನಗೇ ಗೊತ್ತಾಗ್ಲಿಲ್ಲ. ನಿನಗೆ ಇಟ್ಟಿಗೆ ಬಣ್ಣ ಉಡಿಸಿದೆನಲ್ಲ... ಕ್ಷಮಿಸು ಮಗಳೇ."

ನಾನು ಬಾಯಿ ತೆರೆದೆ. ಅವರು ಬಿಡಲಿಲ್ಲ. "ಆ ದಾವಣಗೆರೆ ಹುಡುಗಿಯ ದಿನ ನೀನು ತಪ್ಪು ಹೇಳಿದೆ ಅಂತ ಕೊರಗುತ್ತಾ ಇದ್ದೀಯೇನೋ. ಅದಕ್ಕೇ ಆಮೇಲೆ ಬರ್ಲಿಲ್ಲ ನೀನು, ನನಗೆ ಗೊತ್ತುಂಟು. ನಿನ್ನದೆಂತ ತಪ್ಪು? ತಪ್ಪು ಕಣ್ಣಿನವಳು ಕಲಿಸಿದ್ರೆ ಮಕ್ಕಳು ತಪ್ಪೇ ಕಲಿಯೋದು. ಮನಸ್ಸಿಗೆ ಹಚ್ಚಿಕೊಳ್ಳಬೇಡ."

"ಹೂಂ ಟೀಚರ್," ಅಂದೆ. ಅವರು ಕೊಟ್ಟ ಕಾಫಿ ಕುಡಿದೆ. ಬಸ್ಸಿಗೆ ಹೊತ್ತಾಯಿತು ಅಂತ ಎದ್ದು ಬಂದೆ. ಎರಡು ವರ್ಷದ ಮೇಲೆ ಅವರ ಗಂಡನ ಕೈಬರಹದಲ್ಲಿ ಒಂದು ಕಾರ್ಡು ಬಂತು, ನಾಲ್ಕೇ ಸಾಲು. ಟೀಚರ್ ಹೋಗಿದ್ದರು.

ಮೊನ್ನೆ ಅಂಗಡಿಯಿಂದ ಫ್ಲ್ಯಾಟಿಗೆ ಬಂದ ಮೇಲೂ ನನಗೆ ಒಂದು ಕಡೆ ಕೂರಲಾಗಲಿಲ್ಲ. ಅಡುಗೆಮನೆಗೂ ಬಾಲ್ಕನಿಗೂ ತಿರುಗುತ್ತಿದ್ದವಳನ್ನು ಸೊಸೆ ಹಿಡಿದು ಕೂರಿಸಿದಳು. ಅವಳಿಗೆ ಎಲ್ಲವನ್ನೂ ಹೇಳಿದೆ, ಇಷ್ಟು ವರ್ಷಗಳಲ್ಲಿ ಮೊದಲ ಸಲ. ಅವಳು ಒಳ್ಳೆಯ ಹುಡುಗಿ. ನನ್ನ ಬೆನ್ನು ಸವರುತ್ತ, "ಬಿಡಿ ಅಮ್ಮ, ಚಿಕ್ಕ ವಯಸ್ಸು, ಏನೋ ತಪ್ಪಾಗಿ ಹೇಳಿದ್ರಿ," ಅಂದಳು.

"ತಪ್ಪಾಗಿ ಹೇಳಲಿಲ್ಲ ಕಣೇ," ಅಂದೆ. "ಸುಳ್ಳು ಹೇಳಿದೆ."

ಹೇಳುವುದಕ್ಕೆ ಎರಡೇ ಪದ ಸಾಕಾಯಿತು. ಅವತ್ತು ಆ ಜಗಲಿಯಲ್ಲಿ, ಅವರು ನನ್ನ ಕೈ ಹಿಡಿದುಕೊಂಡೇ ಇದ್ದಾಗ, ಅಷ್ಟೂ ನನ್ನಿಂದ ಆಗಲಿಲ್ಲ.