ಬೋಡಿಮೆಟ್ಟಿನಲ್ಲಿ ಬುಧವಾರ ಮಳೆ ಬರುತ್ತದಾ?

ದೀಪಾವಳಿ ರಜೆಯಲ್ಲಿ ಒಂದು ಸೋಮವಾರ ಬೆಳಿಗ್ಗೆ ನಾನು ಬೋಡಿಯಲ್ಲಿ ಚಿಕ್ಕಪ್ಪನ ಮನೆ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ರಂಗೋಲಿ ಪುಡಿಯಲ್ಲಿ ಬಂಗಾಳ ಕೊಲ್ಲಿ ಬರೆದೆ. ಕೊಲ್ಲಿಯ ಪಕ್ಕಕ್ಕೆ ತಮಿಳುನಾಡು. ಅದರ ಎಡ ಅಂಚಿನಲ್ಲಿ ದಪ್ಪ ಗೆರೆ ಎಳೆದು ಪಶ್ಚಿಮ ಘಟ್ಟ. ಈಶಾನ್ಯದಿಂದ ಮೂರು ಬಾಣ. ಮೈಸೂರಿನ ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರಮ್ಮನಾಗಿ ವರ್ಷ ವರ್ಷವೂ ಬೋರ್ಡಿನ ಮೇಲೆ ಬರೆಯುವ ಚಿತ್ರ. ಕಣ್ಣು ಮುಚ್ಚಿಕೊಂಡು ಬರೆಯಬಲ್ಲೆ.

ಚಿಕ್ಕಮ್ಮ ನನ್ನ ಪಾಠವನ್ನು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಸೊಂಟದ ಮೇಲೆ ಕೈಯಿಟ್ಟುಕೊಂಡು, “ಎಲ್ಲಾ ಸರಿ ಕಣ್ಣು. ಬುದವಾರ ಬೋಡಿಮೆಟ್ಟಲ್ಲಿ ಮಳೆ ಬತ್ತದಾ, ಇಲ್ಲಾ? ಅದೊಂದು ಯೇಳು” ಅಂದರು.

ಬೋಡಿಯ ಮೇಲೆ ಘಟ್ಟದ ತುದಿಯಲ್ಲಿರುವ ಬೋಡಿಮೆಟ್ಟು ನನ್ನ ನಕ್ಷೆಯಲ್ಲಿ ಒಂದು ಚಿಟಿಕೆ ಪುಡಿಗಿಂತ ಚಿಕ್ಕದು. ಏನು ಹೇಳಲಿ?

(ಈ ಅಂಕಣವನ್ನು ಹೊಸದಾಗಿ ಓದುತ್ತಿರುವವರಿಗೆ ಒಂದು ಮಾತು. ನನ್ನ ತವರಿನವರು ತಮಿಳುನಾಡಿನ ತೇನಿ ಜಿಲ್ಲೆಯ ಕನ್ನಡದವರು. ಯಾವ ಕಾಲದಲ್ಲಿ ಆ ಕಡೆ ಹೋಗಿ ನೆಲೆಸಿದರೋ, ಮನೆಯೊಳಗೆ ಇವತ್ತಿಗೂ ಕನ್ನಡ. ನಿಮ್ಮ ಕಿವಿಗೆ ಅರ್ಧ ತಮಿಳು ಅನ್ನಿಸುವಂಥ ಕನ್ನಡ. ‘ಕಣ್ಣು’ ಅಂದರೆ ಮುದ್ದಿನ ಕರೆ. ನಾನು ಮಾತಾಡಿದರೆ ರೇಡಿಯೋ ಹಾಕಿದ ಹಾಗಿರುತ್ತದೆ ಅಂತ ಅವರ ತಮಾಷೆ.)

ಚಿಕ್ಕಮ್ಮ ಕೇಳಿದ್ದು ಹೊತ್ತು ಹೋಗದೆ ಅಲ್ಲ. ಅವರ ಒಬ್ಬಳೇ ಮಗಳು ಸೆಲ್ವಿ ತುಂಬು ಗರ್ಭಿಣಿ. ಗಂಡ ಮುರುಗೇಸನ್ ಬೋಡಿಮೆಟ್ಟಿನ ಹತ್ತಿರ ಏಲಕ್ಕಿ ಎಸ್ಟೇಟೊಂದರಲ್ಲಿ ಸೂಪರ್‌ವೈಸರ್. ಏಲಕ್ಕಿ ಬಿಡಿಸುವ ಕಾಲ, ಅವನನ್ನು ಬಿಟ್ಟು ಹೇಗೆ ಬರಲಿ ಅಂತ ಅವಳು ಮುಂದೂಡಿ ಮುಂದೂಡಿ, ಡಾಕ್ಟರು ಹೇಳಿದ ದಿನಕ್ಕೆ ಇನ್ನು ಎರಡೇ ವಾರ ಉಳಿದಿತ್ತು. ಕೆಳಗೆ ಬೋಡಿಯಲ್ಲಿ ಆಸ್ಪತ್ರೆ ಇದೆ. ಮೇಲೆ ಇರುವುದು ತಲೆನೋವಿಗೆ ಮಾತ್ರೆ ಕೊಡುವ ಎಸ್ಟೇಟ್ ಆಫೀಸು. ನಡುವೆ ಘಾಟ್ ರಸ್ತೆ, ಹದಿನೇಳು ಹೇರ್‌ಪಿನ್ ತಿರುವು. ಐಪ್ಪಸಿ ತಿಂಗಳ, ಅಂದರೆ ದೀಪಾವಳಿ ಹೊತ್ತಿನ, ಮಳೆಗೆ ಗುಡ್ಡ ಜಾರಿದರೆ ಆ ರಸ್ತೆ ಅರ್ಧ ದಿನ ಮುಚ್ಚಬಹುದು, ನಾಲ್ಕು ದಿನವೂ ಮುಚ್ಚಬಹುದು.

ಮಗಳನ್ನು ಕರೆತರಲು ಚಿಕ್ಕಮ್ಮ ಪಂಚಾಂಗ ನೋಡಿಸಿ ಬುಧವಾರ ಹತ್ತೂವರೆ ಅಂತ ಇಟ್ಟಿದ್ದರು. ಚಿಕ್ಕಪ್ಪನಿಗೆ ಅಷ್ಟು ಕಾಯುವ ಧೈರ್ಯವಿರಲಿಲ್ಲ.

“ನಾಳೇಗೇ ಓಗಿ ಕರ್ಕೊಂಡು ಬರಣ,” ಅಂದರು.

“ಮಂಗಳವಾರ ವಸ್ತಿಲು ದಾಟಿಸ್ತಾರಾ ಬಸುರಿ ಮಗಳ್ನ?”

“ಗುಡ್ಡ ನಿನ್ ಪಂಚಾಂಗ ಓದ್ತದಾ?”

ಚಿಕ್ಕಮ್ಮ ಟ್ರಾನ್ಸಿಸ್ಟರ್ ತಂದು ನಡುವೆ ಇಟ್ಟರು. ತಮಿಳು ವಾರ್ತೆಯ ಕೊನೆಗೆ ವಾನಿಲೈ ಅರಿಕ್ಕೈ ಬಂತು. ಹವಾಮಾನ ವರದಿ. ಬೆಟ್ಟ ಪ್ರದೇಶದ ಕೆಲವು ಕಡೆ ಮಳೆ, ಬಯಲಿನಲ್ಲಿ ಅಲ್ಲಲ್ಲಿ ಮಳೆ. ಮುಗಿಯಿತು.

‘ಕೆಲವು ಕಡೆ’ ಅಂದರೆ ಎಷ್ಟು ಕಡೆ? ‘ಅಲ್ಲಲ್ಲಿ’ ಅಂದರೆ ಎಲ್ಲಿ? ಇಷ್ಟು ವರ್ಷ ನಾನೂ ಆ ಪದಗಳನ್ನು ಕೇಳಿ ತಲೆದೂಗಿದವಳೇ. ಒಬ್ಬ ಬಸುರಿಯನ್ನು ಜೀಪಿನಲ್ಲಿ ಕೂರಿಸುವ ಪ್ರಶ್ನೆ ಬಂದಾಗಲೇ ಅವು ಎಷ್ಟು ಟೊಳ್ಳು ಅಂತ ಗೊತ್ತಾದದ್ದು. (ವರದಿ ಬರೆದವರ ತಪ್ಪಲ್ಲ. ಅಷ್ಟು ದೊಡ್ಡ ಸೀಮೆಗೆಲ್ಲ ಒಂದೇ ಸಾಲು ಬರೆಯಿರಿ ಅಂದರೆ ನಾನಾದರೂ ಇನ್ನೇನು ಬರೆಯುತ್ತಿದ್ದೆ?)

ಎಸ್ಟೇಟಿಗೆ ಫೋನ್ ಮಾಡಿದರೆ ಶನಿವಾರದಿಂದ ಲೈನ್ ಸತ್ತಿತ್ತು. ಎಸ್‌ಟಿಡಿ ಬೂತಿನಿಂದ ಚಿಕ್ಕಮ್ಮ ದೂರದ ಬಯಲಿನ ನಿಲಕ್ಕೋಟ್ಟೈಯಲ್ಲಿರುವ ತಂಗಿಗೆ ಮಾಡಿದರು. ಆ ತಂಗಿಯದು ಮಲ್ಲಿಗೆ ತೋಟ, ಆಕಾಶ ನೋಡದೆ ಅವರಿಗೆ ದಿನ ಕಳೆಯುವುದಿಲ್ಲ. “ಇಲ್ಲಿ ಸುಡೋ ಬಿಸ್ಲು ಅಕ್ಕಾ, ಮೊಗ್ಗೆಲ್ಲ ವಾಡ್ತಾವೆ” ಅಂತ ಉತ್ತರ ಬಂತು. ಚಿಕ್ಕಮ್ಮ ಗೆದ್ದವರ ಹಾಗೆ ಚಿಕ್ಕಪ್ಪನ ಕಡೆ ನೋಡಿದರು.

“ನಿಲಕ್ಕೋಟ್ಟೈ ಬಿಸ್ಲು ಬೋಡಿಮೆಟ್ಟಿಗೆ ಏನ್ ಮಾಡ್ತದೆ?” ಅಂದ ಚಿಕ್ಕಪ್ಪ ಬೀದಿಗೆ ಬಂದು ಬೆಟ್ಟದ ಕಡೆ ಮುಖ ಮಾಡಿ ನಿಂತರು. ನಾನೂ ಹೋಗಿ ನಿಂತೆ. ಬೆಟ್ಟದ ಅರ್ಧ ಕಾಣುತ್ತಿತ್ತು, ಮೇಲಿನರ್ಧ ಬಿಳಿ ಮೋಡದೊಳಗೆ. ನಮ್ಮ ತಲೆಯ ಮೇಲೆ ಒಳ್ಳೆ ಬಿಸಿಲು. ಆ ಬಿಳಿಯೊಳಗೆ ಹನಿ ಬೀಳುತ್ತಿದೆಯೋ, ಜಡಿಮಳೆಯೋ, ಬರೀ ಮಂಜೋ? ಕೆಳಗೆ ನಿಂತವರಿಗೆ ಮೂರೂ ಒಂದೇ ಥರ ಕಾಣುತ್ತದೆ.

ಕೊನೆಗೆ ಬುಧವಾರವೇ ಅಂತಾಯಿತು. ಚಿಕ್ಕಪ್ಪ ಜೀಪು ಹೇಳಿ ಬಂದರು. ಆ ಸಂಜೆ ಅವರು ಸರಿಯಾಗಿ ಊಟ ಮಾಡಲಿಲ್ಲ.

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆ. ಮನೆ ಮುಂದೆ ಜೀಪೊಂದು ನಿಂತಿತು. ನಾವು ಹೇಳಿದ ಜೀಪಲ್ಲ. ಬೋಡಿಯಿಂದ ದಿನಾ ಮುಂಜಾನೆ ಹೆಂಗಸರನ್ನು ತುಂಬಿಕೊಂಡು ಏಲಕ್ಕಿ ಬಿಡಿಸಲು ಮೇಲೆ ಹೋಗುವ ಜೀಪುಗಳಲ್ಲಿ ಒಂದು. ಸಂಜೆ ಇಳಿಯಬೇಕಾದದ್ದು ಬೆಳಿಗ್ಗೆಯೇ ಇಳಿದಿತ್ತು. ಮುಂದಿನ ಸೀಟಿನಿಂದ, ಹೊಟ್ಟೆಯ ಮೇಲೆ ಒಂದು ಕೈಯಿಟ್ಟುಕೊಂಡು, ಚಿನ್ನಾಳಪಟ್ಟಿ ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡು, ಸೆಲ್ವಿ ಇಳಿದಳು. ಹಿಂದೆ ಹೆಂಗಸರ ನಡುವೆ ಇರುಕಿಕೊಂಡು, ತೊಡೆಯ ಮೇಲೆ ಬಟ್ಟೆಯ ಗಂಟು ಇಟ್ಟುಕೊಂಡು ಕೂತಿದ್ದವನು ಅಳಿಯ ಮುರುಗೇಸನ್.

ಚಿಕ್ಕಮ್ಮ ಬಾಗಿಲಿಗೆ ಓಡಿ ಬಂದರು. ಅಳಿಯನೇ, “ಅವ್ಳೇ ಓಗಣ ಅಂದ್ಲು ಅತ್ತೆ, ಬಂದ್ಬುಟ್ಟೊ” ಅಂದ.

ನಡೆದದ್ದು ಇಷ್ಟು. ಒಂಬತ್ತನೇ ತಿರುವಿನಲ್ಲಿ ಬಂಡೆಯ ಸಂದಿಯಿಂದ ಯಾವಾಗಲೂ ನೀರು ಒಸರುತ್ತದಂತೆ. ಕೆಲಸದ ಹೆಂಗಸರು ದಿನಾ ಅಲ್ಲಿ ಜೀಪು ನಿಲ್ಲಿಸಿ ಕುಡಿಯಲು ಕ್ಯಾನು ತುಂಬಿಸಿಕೊಳ್ಳುತ್ತಾರೆ. ಆ ದಿನ ಖಾಲಿ ಕ್ಯಾನು ಹಿಡಿದುಕೊಂಡು ಸೆಲ್ವಿಯ ಮನೆ ಬಾಗಿಲಿಗೆ ನೀರು ಕೇಳಲು ಬಂದರು.

“ಯಾಕಂತ ಕೇಳಿದೆ ಅಕ್ಕಾ,” ಸೆಲ್ವಿ ನನಗೆ ಹೇಳಿದಳು. “ನೀರು ಕೆಂಪಗೆ ಬತ್ತದೆ ಅಂದ್ರು. ನೆನ್ನೆವರ್ಗೂ ತಿಳಿಯಾಗಿತ್ತಂತೆ. ಮಣ್ಣು ಒಳಗೆ ಕರಗ್ತಾ ಅದೆ ಅಂತ ತಾನೆ ಅರ್ತ? ಇನ್ನೇನ್ ಪಂಚಾಂಗ ನೋಡದು.”

ರಸ್ತೆ ಹೋದರೆ ಈ ಹೆಂಗಸರೂ ಸಂಜೆ ಮನೆ ಸೇರಲಾರರು ಅಂತ ಮುರುಗೇಸನ್ ಅವತ್ತಿನ ಕೆಲಸ ನಿಲ್ಲಿಸಿ ಎಲ್ಲರನ್ನೂ ಹೊರಡಿಸಿದ. ಹೆಂಗಸರು ಮುಂದಿನ ಸೀಟು ಸೆಲ್ವಿಗೆ ಬಿಟ್ಟರು. ಒಂಬತ್ತನೇ ತಿರುವಿನಲ್ಲಿ ಡ್ರೈವರ್ ಜೀಪನ್ನು ನಡಿಗೆಯ ವೇಗದಲ್ಲಿ ಬಿಟ್ಟನಂತೆ.

ಆದರೂ ಮಂಗಳವಾರ ಮಂಗಳವಾರವೇ. ಚಿಕ್ಕಮ್ಮ ಮಗಳನ್ನು ಮನೆಯೊಳಗೆ ಕರೆಯಲಿಲ್ಲ. ಎದುರು ಮನೆಯವರನ್ನು ಕೇಳಿ ಅಲ್ಲಿ ಹಾಸಿಗೆ ಹಾಸಿಕೊಟ್ಟರು. ಬುಧವಾರ ಹತ್ತೂವರೆಗೆ ಸರಿಯಾಗಿ ಬೀದಿ ದಾಟಿಸಿ, ಆರತಿ ಎತ್ತಿ, ಬಲಗಾಲಿಡಿಸಿ ಒಳಗೆ ಕರೆದುಕೊಂಡರು. (ನಗಬೇಡಿ. ನಾನು ನಕ್ಕು ಬೈಸಿಕೊಂಡಿದ್ದೇನೆ.)

ಅಷ್ಟರಲ್ಲಿ ಮೇಲೆ ರಸ್ತೆ ಹೋಗಿತ್ತು. ಮಂಗಳವಾರ ಮಧ್ಯಾಹ್ನದಿಂದ ಬೆಟ್ಟದ ಮೇಲೆ ಬಿಡದೆ ಸುರಿದ ಮಳೆಗೆ ಒಂಬತ್ತರಲ್ಲಲ್ಲ, ಅದಕ್ಕಿಂತ ಎರಡು ತಿರುವು ಮೇಲೆ ಮಣ್ಣು ಕುಸಿದಿತ್ತು. ಬೋಡಿಯಲ್ಲಿ ನಮ್ಮ ಅಂಗಳ ಒದ್ದೆಯೂ ಆಗಿರಲಿಲ್ಲ. ನನ್ನ ಬಂಗಾಳ ಕೊಲ್ಲಿಯನ್ನು ಅಳಿಸಿದ್ದು ಮಳೆಯಲ್ಲ, ಕೋಳಿ.

ಬುಧವಾರ ಸಂಜೆ ಸೆಲ್ವಿಗೆ ನೋವು ಶುರುವಾಯಿತು. ಡಾಕ್ಟರು ಹೇಳಿದ ದಿನಕ್ಕೆ ಇನ್ನೂ ಹತ್ತು-ಹನ್ನೆರಡು ದಿನವಿತ್ತು, ಆದರೆ ಮಗುವಿಗೆ ಅದನ್ನು ಯಾರು ಹೇಳಬೇಕು? ಗುರುವಾರ ಬೆಳಿಗ್ಗೆ ಆಸ್ಪತ್ರೆಯಲ್ಲಿ ಹೆಣ್ಣು ಮಗು. ಮಣ್ಣು ತೆಗೆದು ಬಸ್ಸು ಬಿಟ್ಟದ್ದು ಗುರುವಾರ ಮಧ್ಯಾಹ್ನ. ಕಟ್ಟುಕಥೆ ಅನ್ನುತ್ತೀರೇನೋ. ಆಸ್ಪತ್ರೆಯ ವರಾಂಡದಲ್ಲಿ ಚಿಕ್ಕಪ್ಪ ಗೋಡೆ ಕಡೆ ತಿರುಗಿಕೊಂಡು ಟವೆಲಿನಲ್ಲಿ ಮುಖ ಒರೆಸಿಕೊಂಡದ್ದನ್ನು ನಾನು ನೋಡಿದ್ದೇನೆ.

ಶುಕ್ರವಾರ ಜೀಪಿನ ಹೆಂಗಸರಲ್ಲಿ ಮೂವರು ಮಗು ನೋಡಲು ಬಂದರು. ಅವರಲ್ಲಿ ಹಿರಿಯಳು ಪೇಚ್ಚಿಯಮ್ಮ. ಬೆರಳುಗಳಿಗೆಲ್ಲ ಏಲಕ್ಕಿ ಕಾಯಿಯ ಕರೆ ಹತ್ತಿತ್ತು. ಮಗುವನ್ನು ಮುಟ್ಟುವ ಮೊದಲು ಎರಡು ಸಲ ಕೈ ತೊಳೆದಳು. ಭೂಗೋಳದ ಮೇಷ್ಟ್ರಮ್ಮನಿಗೆ ಸುಮ್ಮನಿರಲಾಗಲಿಲ್ಲ. ನಾಳೆ ಮಳೆ ಬರುತ್ತದೆ, ಗುಡ್ಡ ಬೀಳುತ್ತದೆ ಅಂತ ನಿಮಗೆಲ್ಲ ಹೇಗೆ ಗೊತ್ತಾಗುತ್ತದೆ ಅಂತ ಕೇಳಿದೆ. ಗಾಳಿಯ ವಾಸನೆ, ಇರುವೆ ಸಾಲು, ಹಕ್ಕಿಯ ಕೂಗು ಅಂತ ಏನೋ ಗುಟ್ಟು ಸಿಗುತ್ತದೆ ಅಂದುಕೊಂಡಿದ್ದೆ. ಅಂಕಣಕ್ಕೂ ಆಗುತ್ತದಲ್ಲ?

ಪೇಚ್ಚಿಯಮ್ಮ ತಮಿಳಿನಲ್ಲಿ ನಿಧಾನವಾಗಿ ಹೇಳಿದಳು: “ಗೊತ್ತಾಗಲ್ಲಮ್ಮ. ನಾವು ನಾಳೆಯೂ ಅದೇ ದಾರೀಲಿ ಹೋಗ್ಬೇಕಲ್ಲ, ಅದಕ್ಕೆ ನೋಡ್ಕೊಂಡಿರ್ತೀವಿ.”

ನಾವು ಮೂರು ಜನ ಸೋಮವಾರವಿಡೀ ರೇಡಿಯೋವನ್ನು ಕೇಳಿದೆವು, ಪಂಚಾಂಗವನ್ನು ಕೇಳಿದೆವು, ನಿಲಕ್ಕೋಟ್ಟೈಯನ್ನೂ ಕೇಳಿದೆವು. ದಿನಾ ಬೆಳಿಗ್ಗೆ ನಮ್ಮ ಬೀದಿಯಲ್ಲೇ ಹಾದು ಹೋಗುವ ಜೀಪನ್ನು ನಿಲ್ಲಿಸಿ ಒಂದು ಮಾತು ಕೇಳಬೇಕು ಅಂತ ನಮಗೆ ಯಾಕೆ ಹೊಳೆಯಲಿಲ್ಲ?