ಮಿಲ್ಟ್ರಿ ಗಾಡಿಗೆ ಗೌರತ್ತಿಯ ಭಾರ

ಕ್ರೇನು ಎಂಬುದನ್ನು ನಮ್ಮ ಕಡೆಯ ಪೇಟೆಯವರೂ ಅಷ್ಟಾಗಿ ನೋಡಿರದ ದಿನಗಳು ಅವು. ಬೈಲಹೊಂಗಲದ ಸುತ್ತಿನ ಹಳ್ಳಿಗಳಲ್ಲಿ ಹಿಟ್ಟಿನ ಗಿರಣಿಯ ಕಲ್ಲೋ ಬಾವಿಯ ಎಂಜಿನ್ನೋ ಸಾಗಿಸುವುದೆಂದರೆ ಒಂದು ಪೀಕಲಾಟ. ಚಕ್ಕಡಿಗೆ ಹೇರಿದರೆ ಅಚ್ಚು ಮುರಿಯುತ್ತಿತ್ತು, ಲಾರಿಗೆ ಹೇರಿದರೆ ಎರೆ ಹೊಲದ ದಾರಿಯಲ್ಲಿ ಲಾರಿಯೇ ಹೂತುಹೋಗುತ್ತಿತ್ತು. ಇವೆರಡರ ನಡುವೆ ನಮ್ಮ ಅಪ್ಪ ಹೊಟ್ಟೆಪಾಡು ಕಂಡುಕೊಂಡ. ತೊಂಬತ್ತರ ದಶಕದಲ್ಲಿ ಬೆಳಗಾವಿಯಲ್ಲಿ ಸೈನ್ಯದವರ ಹಳೆ ಸಾಮಾನುಗಳ ಲಿಲಾವು ನಡೆದಾಗ ಕೂಗಿ ಕೂಗಿ ಒಂದು ಟ್ರೇಲರ್ ಹಿಡಿದು, ತನ್ನ ಮುದಿ ಜೀಪಿಗೆ ಕಟ್ಟಿಕೊಂಡು ಊರಿಗೆ ಬಂದ. ಎರಡೇ ಗಾಲಿ, ಎತ್ತರದ ಮೈ, ಮುಂದೆ ಎಳೆಯಲು ಚಕ್ಕಡಿಗೆ ಇರುವಂತೆ ಚಾಚಿಕೊಂಡ ಒಂದು ಉದ್ದ ಮೂಕಿ. ಆದರೆ ಮೂಕಿ ಕಬ್ಬಿಣದ್ದು. ಗ್ರೀಸು ಮತ್ತು ಹಳೆ ತಾಡಪತ್ರಿಯ ವಾಸನೆ ಹೊಡೆಯುವ ಆ ಹಸಿರು ಬಂಡಿಗೆ ಓಣಿಯವರು ಮಿಲ್ಟ್ರಿ ಗಾಡಿ ಎಂದು ಹೆಸರಿಟ್ಟರು.

ಅಪ್ಪ ಜೀಪು ಹಿಡಿಯುವ ಮೊದಲು ಚಕ್ಕಡಿ ಹೊಡೆದವನು. ಮೂಕಿಗೆ ಭಾರ ಬಿದ್ದರೆ ಎತ್ತಿನ ಹೆಗಲು ಬಾತುಕೊಳ್ಳುತ್ತದೆ ಎಂದು ಹೇರನ್ನು ಒಂದಿಷ್ಟು ಹಿಂದಕ್ಕೇ ಇಡುವುದು ಅವನ ರೂಢಿ. ಮೊದಲ ದಿನ ಟ್ರೇಲರಿಗೂ ಹಾಗೇ ಹೇರಿದ. ಇಲ್ಲಿ ಎತ್ತು ಎಲ್ಲಿವೆ ಎಂದು ಒಬ್ಬರೂ ಕೇಳಲಿಲ್ಲ, ಯಾಕೆಂದರೆ ಹೇರಲು ಬಂದವರೆಲ್ಲ ಚಕ್ಕಡಿಯವರೇ. ಊರಾಚೆಯ ಏರು ಹತ್ತುವಾಗ ಟ್ರೇಲರಿನ ಬಾಲ ಕುಸಿದು, ಮೂಕಿ ಮೇಲೆದ್ದು, ಜೀಪಿನ ಹಿಂದಿನ ಗಾಲಿಗಳು ನೆಲ ಬಿಟ್ಟು ಬರ್ರನೆ ತಿರುಗತೊಡಗಿದವು. ಸಂತೆಗೆಂದು ಟ್ರೇಲರಿನ ಹಿಂಬದಿಯಲ್ಲಿ ಕುಳಿತಿದ್ದ ಗೌರತ್ತಿ ಹೌಹಾರಿ ಮುಂದಕ್ಕೆ ಬಂದು ಅದರ ಮುಂದಿನ ಅಂಚಿನ ಮೇಲೆ ಧೊಪ್ಪನೆ ಕುಳಿತಳು. ಗಾಲಿಗಳು ನೆಲಕ್ಕೆ ಹತ್ತಿದವು, ಜೀಪು ಸುಮ್ಮನೆ ಏರು ಹತ್ತಿತು. ಅಂದಿನಿಂದ ಆ ಅಂಚು ಅವಳದಾಯಿತು.

ಗೌರತ್ತಿ ಎಂದರೆ ಅಪ್ಪನ ಅಕ್ಕ. ಗಂಡ ತೀರಿದ ಮೇಲೆ, ನಾನು ಹುಟ್ಟುವ ಮೊದಲೇ, ನಮ್ಮ ಮನೆಗೆ ಬಂದವಳು. ಭಾರೀ ಆಳು. ಅವಳು ಕುಳಿತರೆ ಹೊರಸು ನರಳುತ್ತಿತ್ತು, ನಕ್ಕರೆ ಪಡಸಾಲೆ ತುಂಬುತ್ತಿತ್ತು. ಅವಳ ಬದಲು ಮುಂದೆ ಒಂದು ಕಲ್ಲಿಟ್ಟರೂ ನಡೆಯುತ್ತಿತ್ತು, ಅಪ್ಪ ಒಮ್ಮೆ ಇಟ್ಟೂ ನೋಡಿದ. ಆದರೆ ಕಲ್ಲಿಗೆ ಎದ್ದು ನಡೆಯಲು ಬರುವುದಿಲ್ಲವಲ್ಲ. ಸಾಮಾನು ಇಳಿಸುವ ಜಾಗ ಮುಟ್ಟಿದ ಮೇಲೆ ಅತ್ತಿಯ ನಿಜವಾದ ಕೆಲಸ ಶುರುವಾಗುತ್ತಿತ್ತು. ಅಪ್ಪ ಬಗ್ಗಿ ಮೂಕಿಯ ಕೊಂಡಿ ಬಿಡಿಸುವವರೆಗೆ ಅವಳು ಅಂಚಿನಲ್ಲಿ ಅಲ್ಲಾಡದೆ ಕೂರಬೇಕು. ಅವನು ಬದಿಗೆ ಸರಿದು ಹೂಂ ಅಂದ ಮೇಲೆ ಎದ್ದು, ಹಿಂದಕ್ಕೆ ಮೆಲ್ಲಗೆ ಹೆಜ್ಜೆ ಇಡಬೇಕು. ಅವಳು ಬಂದಂತೆ ಮೂಕಿ ಮೇಲೆದ್ದು, ಬಾಲ ನಿಧಾನಕ್ಕೆ ನೆಲಕ್ಕೆ ಕೂರುತ್ತಿತ್ತು. ಆಮೇಲೆ ಹಲಗೆ ಹಾಕಿ ಸಾಮಾನು ಜಾರಿಸುವುದು. ಟ್ರೇಲರಿನ ಹಿಂದೆ ಆಧಾರಕ್ಕೆ ಇರಬೇಕಾದ ಕಾಲು ಲಿಲಾವಿನಲ್ಲಿ ಬಂದಾಗಲೇ ಮಾಯವಾಗಿತ್ತು. ಹಾಗಾಗಿ ಅತ್ತಿ ಒಂದು ಗಳಿಗೆ ಮೊದಲೇ ಎದ್ದರೆ ಮೂಕಿ ಚಿಮ್ಮಿ ತನ್ನ ಗದ್ದ ಹಾರಿಸಿಕೊಂಡು ಹೋಗುತ್ತದೆ ಎಂದು ಅಪ್ಪ ಚಹಾ ಕುಡಿಯುತ್ತ ನಗಾಡುತ್ತಿದ್ದ. ಹುಟ್ಟಾ ಅಂಜುಬುರುಕಿಯಾದ ನನಗೆ ಮಾತ್ರ ಒಮ್ಮೆಯೂ ನಗು ಬರಲಿಲ್ಲ. ಅಪ್ಪ ಬಗ್ಗಿದಾಗಲೆಲ್ಲ ನಾನು ಉಸಿರು ಹಿಡಿದು ಅತ್ತಿಯನ್ನೇ ನೋಡುತ್ತಿದ್ದೆ.

ಗಂಡನ ಮನೆಯಲ್ಲಿ ಬಾವಿಯಾಚೆ ಏನಿದೆ ಎಂದು ಕಾಣದ ಅತ್ತಿ ಆ ಅಂಚಿನ ಮೇಲೆ ಕುಳಿತು ನಾಲ್ಕು ತಾಲೂಕು ನೋಡಿದಳು. ಎಂ.ಕೆ. ಹುಬ್ಬಳ್ಳಿಯ ಹಾದಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಸಾಲಿಗೆ ಸಿಕ್ಕಿಕೊಂಡರೆ ಯಾರನ್ನೋ ಮಾತಾಡಿಸಿ ಒಂದು ಗಳ ಕಬ್ಬು ಇಸಿದುಕೊಳ್ಳುತ್ತಿದ್ದಳು. ಸಿರಸಂಗಿಯ ಕಾಳಿಕಾದೇವಿಗೆ ಕಾಯಿ ಒಡೆಸದೆ ಗಾಡಿ ಮುಂದೆ ಹೋಗಗೊಡುತ್ತಿರಲಿಲ್ಲ. ಮನೆಗೆ ಬಂದ ಮೇಲೆ ವಾರಗಟ್ಟಲೆ ಅದೇ ಮಾತು. ರೊಟ್ಟಿ ಬಡಿಯುತ್ತ ಬಡಿಯುತ್ತ ಅವ್ವನಿಗೆ ಸವದತ್ತಿಯ ಗುಡ್ಡ ತೋರಿಸುತ್ತಿದ್ದಳು.

ನನಗೆ ಒಂಬತ್ತು ತುಂಬಿದ ಸುಗ್ಗಿಯಲ್ಲಿ ಒಂದು ಸಂಗತಿ ನಡೆಯಿತು. ಸಂಜೆ ಹೊತ್ತು ಖಾಲಿ ಟ್ರೇಲರ್ ನಮ್ಮ ಆಟದ ಸಾಮಾನು. ಹಿಂದಿನ ಅಂಚಿಗೆ ಓಣಿಯ ಹುಡುಗರೆಲ್ಲ ಜೋತುಬಿದ್ದು ಕುಣಿದರೂ ಮುಂದೆ ಕುಳಿತ ಅತ್ತಿಯನ್ನು ಮೇಲೆತ್ತಲು ಆಗುತ್ತಿರಲಿಲ್ಲ. ಸೋತವರು ಅವಳಿಗೆ ಹುರಿದ ಶೇಂಗಾ ಸುಲಿದುಕೊಡಬೇಕು. ಆ ಸಂಜೆ ನಾನು, ನನ್ನ ತಮ್ಮ ಇಬ್ಬರೇ ಹತ್ತಿದೆವು. ಮೂಕಿ ಎದ್ದಿತು. ಅತ್ತಿ ಕಾಲು ಇಳಿಬಿಟ್ಟುಕೊಂಡು ಮೇಲೆ ಹೋದಳು. ತಮ್ಮ ಕೇಕೆ ಹಾಕಿ ಕುಣಿದ. ನಾನು ಕುಣಿಯಲಿಲ್ಲ.

ಆಮೇಲೆ ನನ್ನ ಕಣ್ಣು ಅವಳ ಮೇಲೆಯೇ. ಕುಪ್ಪಸದ ತೋಳು ಸಡಿಲಾಗಿ ಜೋಲುತ್ತಿತ್ತು. ಸೀರೆಯ ನೆರಿಗೆ ಹೆಚ್ಚಾಗಿತ್ತು. ತಂಬಿಗೆ ತಂಬಿಗೆ ನೀರು ಕುಡಿಯುತ್ತಿದ್ದಳು, ಮತ್ತೆ ಮತ್ತೆ ಹಿತ್ತಲಿಗೆ ಹೋಗುತ್ತಿದ್ದಳು. ಎಂದಿನಂತೆಯೇ ರೊಟ್ಟಿ ಉಣ್ಣುತ್ತಿದ್ದಳಾದ್ದರಿಂದ ದೊಡ್ಡವರಿಗೆ ಸಂಶಯ ಬರಲಿಲ್ಲ. ದಿನಾ ಕಣ್ಣ ಮುಂದೆ ಇರುವವರು ಕರಗುವುದು ಯಾರಿಗೂ ಕಾಣುವುದಿಲ್ಲವೇನೋ.

ಸಾಲಹಳ್ಳಿಯ ಹಿಟ್ಟಿನ ಗಿರಣಿಗೆ ಎಂಜಿನ್ನು ಮುಟ್ಟಿಸುವ ಕೆಲಸ ಬಂದದ್ದು ಅದೇ ವಾರ. ಸಾಲೆಗೆ ರಜೆ, ನಾನೂ ಹೊರಟೆ. ನಸುಕಿನಲ್ಲಿ ಹಿತ್ತಲಿಗೆ ಹೋದರೆ ಅತ್ತಿ ಒಂದು ಗೋಣಿಚೀಲಕ್ಕೆ ಕಲ್ಲು ತುಂಬುತ್ತಿದ್ದಳು. ಹಳೆ ಒರಳಿನ ಗುಂಡಕಲ್ಲೂ ಅದರಲ್ಲಿತ್ತು. ನನ್ನನ್ನು ಕಂಡು ಕೈ ಹಿಡಿದು ಹತ್ತಿರ ಎಳೆದುಕೊಂಡಳು.

"ಯಾರ ಮುಂದೂ ಹೇಳಬ್ಯಾಡ ಯವ್ವಾ. ಹೇಳಿದ್ರ ನಿಮ್ಮಪ್ಪ ಕಲ್ಲ ಹೇರ್ಕೊಂಡು ಹೊಕ್ಕಾನ, ನನ್ನ ಒಲಿ ಮುಂದ ಕುಂಡ್ರಸ್ತಾನ."

ಚೀಲವನ್ನು ಎಳೆದೊಯ್ದು, ಹಲಗೆ ಹಚ್ಚಿ ಅದರ ಮೇಲೆ ಜಾರಿಸುತ್ತ ಅಂಚಿಗೆ ಹೇಗೋ ಏರಿಸಿ, ಮೇಲೆ ಕೌದಿ ಹಾಸಿ ಕುಳಿತಳು. ಅಷ್ಟಕ್ಕೇ ಅವಳಿಗೆ ತೇಕು ಬಂದಿತ್ತು. ಅಪ್ಪ ಕೌದಿ ನೋಡಿ, ಅಕ್ಕನಿಗೆ ಈಗ ಮೆತ್ತನೆಯ ಗಾದಿ ಬೇಕಾಯಿತು ಎಂದು ಚಾಷ್ಟಿ ಮಾಡಿದ. ನಾನು ಅವಳ ಪಕ್ಕ ಕುಳಿತು ತುಟಿ ಬಿಗಿಹಿಡಿದೆ. ಹೇಳಿದರೆ ಅತ್ತಿಯ ಗಾಡಿ ತಪ್ಪುತ್ತದೆ, ಹೇಳದಿದ್ದರೆ ಅಪ್ಪನ ಗದ್ದ.

ಯರಗಟ್ಟಿಯಲ್ಲಿ ಅಪ್ಪ ಮಿರ್ಚಿ ಭಜಿ ಕೊಡಿಸಿದ. ಅತ್ತಿ ತನ್ನ ಪಾಲಿನದನ್ನು ನನ್ನ ಕೈಗಿಟ್ಟು ನೀರಷ್ಟೇ ಕುಡಿದಳು. ಅಲ್ಲಿಂದ ಒಂದಿಷ್ಟು ದೂರ ಹೋಗುವಷ್ಟರಲ್ಲಿ ಮತ್ತೆ ನಿಲ್ಲಿಸು ಅಂದಳು. ಅಪ್ಪ ಜೀಪಿನ ಬಾನೆಟ್ ಎತ್ತಿ ನೀರು ಹಾಕುತ್ತಿದ್ದ. ಅತ್ತಿ ಬೇವಿನ ಗಿಡದ ಆಚೆ ಹೋಗಿ ಬಂದು, ಹತ್ತಲೆಂದು ಕೌದಿ ಹಿಡಿದಳು. ದಾರಿಯುದ್ದಕ್ಕೂ ಕುಲುಕಿ ಸವೆದಿದ್ದ ಗೋಣಿ ಕೌದಿಯ ಜೊತೆಗೇ ಜಾರಿ ಪರ್ರೆಂದು ಹರಿಯಿತು. ಕಲ್ಲುಗಳೆಲ್ಲ ಉರುಳಿ ರಸ್ತೆ ಪಕ್ಕದ ತಗ್ಗಿಗೆ ಬಿದ್ದವು. ಅತ್ತಿ ತಗ್ಗಿಗೆ ಇಳಿದು ಗುಂಡಕಲ್ಲನ್ನು ಎತ್ತಲು ನೋಡಿದಳು. ಮೊಳಕಾಲಿನವರೆಗೆ ತಂದು ಬಿಟ್ಟಳು. ಹಿಂದೆ ಅದನ್ನು ಒಂದೇ ಕೈಯಲ್ಲಿ ಆಡಿಸುತ್ತಿದ್ದ ಹೆಂಗಸು ಅವಳು. ನಾನೂ ಕೈ ಹಾಕಿದೆ, ಆಗಲಿಲ್ಲ. ಅಷ್ಟರಲ್ಲಿ ಅಪ್ಪ ಹಾರ್ನು ಬಾರಿಸಿದ. ಅತ್ತಿ ನನಗೆ ತುಟಿಯ ಮೇಲೆ ಬೆರಳಿಟ್ಟು ತೋರಿಸಿ, ಬರೀ ಕೌದಿಯ ಮೇಲೆ ಕುಳಿತಳು.

ಅಲ್ಲಿಂದ ಸಾಲಹಳ್ಳಿಯವರೆಗೆ ನಾನು ಪಟ್ಟ ಸಂಕಟ ನನಗೇ ಗೊತ್ತು. ನಟ್ಟು ಬಿಚ್ಚುವ ಪಾನಾದ ಡಬ್ಬಿ, ನೀರಿನ ಕ್ಯಾನು, ಹಗ್ಗದ ಸುರುಳಿ, ಕೈಗೆ ಸಿಕ್ಕಿದ್ದನ್ನೆಲ್ಲ ಮುಂದಕ್ಕೆ ಎಳೆದುಕೊಂಡೆ. ಹಸಿವಿಲ್ಲದಿದ್ದರೂ ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ತುರುಕಿಕೊಂಡೆ, ತಿಂದರೆ ನಾನಾದರೂ ಭಾರ ಆಗಬಹುದು ಎಂದು. ಬುತ್ತಿ ಚೀಲದಲ್ಲಿದ್ದರೂ ಹೊಟ್ಟೆಯಲ್ಲಿದ್ದರೂ ಗಾಡಿಯಲ್ಲೇ ಇರುತ್ತದೆ ಎಂಬುದು ಆಗ ಹೊಳೆಯಲಿಲ್ಲ. ಏರು ಬಂದಾಗ ಜೀಪಿನ ಹಿಂದಿನ ಗಾಲಿಗಳು ಸರ್ರನೆ ಜಾರಿದವು. ಅಪ್ಪ ಹೊರಳಿ ನೋಡಿದ. ಅತ್ತಿ ಮುಖ ಬೇರೆ ಕಡೆ ಮಾಡಿದಳು.

ಗಿರಣಿಯ ಅಂಗಳದಲ್ಲಿ ಹೊಸ ಹಿಟ್ಟಿನ ಬಿಸಿ ವಾಸನೆ. ಗಿರಣಿಯವನು ಹಲಗೆಗಳನ್ನು ತಂದು ಇಟ್ಟ. ಅಪ್ಪ ನನ್ನನ್ನು ಎತ್ತಿ ಕೆಳಗಿಳಿಸಿದ. ನನ್ನ ಭಾರವೂ ಗಾಡಿಯಿಂದ ಹೋಯಿತಲ್ಲ. ಅವನು ಎಂದಿನಂತೆ ಬಗ್ಗಿ ಕೊಂಡಿಗೆ ಕೈ ಹಾಕಿದ. ಅತ್ತಿ ಎರಡೂ ಕೈಗಳಿಂದ ಅಂಚನ್ನು ಒತ್ತಿ ಹಿಡಿದು, ಇದ್ದಬದ್ದ ಮೈಯನ್ನೆಲ್ಲ ಕೆಳಕ್ಕೆ ಬಿಟ್ಟಿದ್ದಳು. ಅವಳ ಕತ್ತಿನ ನರ ಉಬ್ಬಿದ್ದವು.

"ಅಪ್ಪಾ, ಕೊಂಡಿ ಬಿಡಬ್ಯಾಡ! ಅತ್ತಿ ಹಗುರ ಆಗ್ಯಾಳ!"

ಕೊಂಡಿ ಆಗಲೇ ಬಿಟ್ಟಿತ್ತು. ಆದರೆ ನನ್ನ ದನಿ ಕೇಳಿ ಅಪ್ಪ ಮುಖ ಈ ಕಡೆ ತಿರುಗಿಸಿದ್ದ. ಮೂಕಿ ಅವನ ಕಿವಿಯ ಪಕ್ಕದಲ್ಲೇ ಚಿಮ್ಮಿ, ತಲೆಗೆ ಸುತ್ತಿದ್ದ ಟವೆಲ್ಲನ್ನು ಕಿತ್ತುಕೊಂಡು ಮೇಲೆ ಹೋಯಿತು. ಬಾಲ ಧಡ್ ಎಂದು ನೆಲಕ್ಕೆ ಅಪ್ಪಳಿಸಿತು. ಹಗ್ಗ ಬಿಗಿದಿದ್ದರಿಂದ ಎಂಜಿನ್ನು ಇದ್ದಲ್ಲೇ ಕಚ್ಚಿಕೊಂಡಿತು. ಮೇಲೆ ಹೋದ ಅಂಚನ್ನು ಹಿಡಿದುಕೊಂಡು ಅತ್ತಿ ಜೋತಾಡುತ್ತಿದ್ದಳು.

ಅಪ್ಪ ಹತ್ತಿ ಅವಳನ್ನು ಇಳಿಸಿಕೊಳ್ಳಲು ಹೋದ. ಅಕ್ಕನ ಭಾರ ಅವನಿಗೆ ಗೊತ್ತಿದ್ದದ್ದೇ. ಕಾಲು ಅಗಲಿಸಿ, ಹಲ್ಲು ಕಚ್ಚಿ, ಸೊಂಟಕ್ಕೆ ಬಲ ಕೊಟ್ಟು ಎತ್ತಿದ. ಅವಳು ಎಷ್ಟು ಸುಲಭವಾಗಿ ಬಂದಳೆಂದರೆ ಅವನೇ ಜೋಲಿ ತಪ್ಪಿ ಹಿಂದಕ್ಕೆ ಹೋಗಿ, ಅವಳನ್ನು ಎದೆಗೆ ಹಿಡಿದುಕೊಂಡೇ ಕುಕ್ಕರಿಸಿದ. ಒಂದು ಗಳಿಗೆ ತನ್ನ ತೋಳುಗಳನ್ನೇ ನೋಡಿದ.

"ಅಕ್ಕಾ," ಅಂದ, "ಎಲ್ಲಿ ಹೋದಿಯವಾ ನೀ?"

ಗಿರಣಿಗೆ ಬಂದವರೆಲ್ಲ ನೋಡುತ್ತಿದ್ದಂತೆಯೇ ಅಪ್ಪ ಅತ್ತ. ಅವನು ಅತ್ತದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ.

ರಾಮದುರ್ಗದ ಡಾಕ್ಟರು ಸಕ್ಕರೆ ಕಾಯಿಲೆ ಎಂದರು, ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಎಂದರು. ತಿರುಗಿ ಬರುವಾಗ ಗಿರಣಿಯವನು ಕೊಟ್ಟ ಒಡಕು ಬೀಸುಗಲ್ಲನ್ನು, ಮುಂದಿನ ಹೇರಿಗೆ ಬೇಕಾದೀತೆಂದು, ಟ್ರೇಲರಿನ ಮುಂದೆ ಇಟ್ಟಿದ್ದೆವು. ಅತ್ತಿಯನ್ನು ಜೀಪಿನೊಳಗೆ ಅಪ್ಪನ ಪಕ್ಕ ಕೂರಿಸಿದ್ದರು. ಅವಳು ದಾರಿಯುದ್ದಕ್ಕೂ ಕತ್ತು ಹೊರಳಿಸಿ ತನ್ನ ಜಾಗದಲ್ಲಿ ಕುಳಿತ ಕಲ್ಲನ್ನೇ ದುರುಗುಟ್ಟಿ ನೋಡುತ್ತಿದ್ದಳು. ನನ್ನ ಜೊತೆ ಮಾತೂ ಇಲ್ಲ.

ಇಂಜೆಕ್ಷನ್ನು, ಪಥ್ಯ, ಮನೆ ತುಂಬ ಮೆಂತ್ಯೆಯ ವಾಸನೆ. ಅತ್ತಿ ಚೇತರಿಸಿಕೊಂಡಳು, ಆದರೆ ಹಳೆಯ ಮೈ ತಿರುಗಿ ಬರಲಿಲ್ಲ. ಮತ್ತೊಂದು ಹೇರು ಸಿಕ್ಕ ದಿನ ಅಪ್ಪ, ಇಳಿಸುವಾಗ ಕಲ್ಲು ಹಿಂದಕ್ಕೆ ಸರಿಸಲು ಒಬ್ಬ ಆಳನ್ನು ಗೊತ್ತುಮಾಡಿ, ಅದೇ ಬೀಸುಗಲ್ಲನ್ನು ಮುಂದಿಟ್ಟು, ಹಗ್ಗ ಬಿಗಿದು, ಅದರ ಮೇಲೆ ಕೌದಿ ಹಾಸಿದ. ಒಲೆಯ ಮುಂದೆ ಮುಖ ಗಂಟಿಕ್ಕಿ ಕುಳಿತಿದ್ದವಳ ಹತ್ತಿರ ಹೋದ.

"ಭಾರಕ್ಕ ಕಲ್ಲ ಐತಿ. ಮಾತಿಗೆ ನೀ ಬಾ," ಅಂದ.

ಇನ್ನೂ ಹಲವು ಸುಗ್ಗಿ ಅವಳು ಆ ಕಲ್ಲಿನ ಮೇಲೆ ಕುಳಿತು ಊರೂರು ತಿರುಗಿದಳು. ಕಾಳಿಕಾದೇವಿಯ ಮುಂದೆ ಗಾಡಿ ನಿಲ್ಲಿಸುವುದು ತಪ್ಪಲಿಲ್ಲ.

ಈಗ ನಮ್ಮ ಓಣಿಗೂ ಹಳದಿ ಕ್ರೇನು ಬರುತ್ತದೆ. ಆಪರೇಟರ್ ಗಾಜಿನ ಡಬ್ಬಿಯೊಳಗೆ ಒಬ್ಬನೇ ಕುಳಿತು ಒಂದು ಸನ್ನೆಕೋಲು ಎಳೆದರೆ ಮುಗಿಯಿತು, ಯಾರೊಬ್ಬರ ಜೊತೆಗೂ ಮಾತಾಡಬೇಕಿಲ್ಲ. ಅತ್ತಿ ಹೋಗಿ ಬಹಳ ವರ್ಷವಾಯಿತು. ಹಿತ್ತಲಿನಲ್ಲಿ ತುಕ್ಕು ಹಿಡಿದಿದ್ದ ಮಿಲ್ಟ್ರಿ ಗಾಡಿಯನ್ನು ಹೋದ ವರ್ಷ ಗುಜರಿಯವನು ಒಯ್ಯಲು ಬಂದಾಗ ನಾನೂ ಊರಿನಲ್ಲಿದ್ದೆ. ಅವನು ಮನೆಯ ಉಳಿದ ಹಳೆ ಕಬ್ಬಿಣವನ್ನೆಲ್ಲ ಅದರ ಹಿಂಭಾಗಕ್ಕೇ ಒಟ್ಟಿದ. ಮೂಕಿ ಮೆಲ್ಲಗೆ ಏಳತೊಡಗಿತು. ಏನು ಮಾಡುತ್ತಿದ್ದೇನೆ ಎಂದು ತಿಳಿಯುವ ಮೊದಲೇ ನಾನು ಓಡಿಹೋಗಿ ಮುಂದಿನ ಅಂಚಿನ ಮೇಲೆ ಕುಳಿತುಬಿಟ್ಟಿದ್ದೆ. ಮೂಕಿ ಕೆಳಗಿಳಿಯಲಿಲ್ಲ, ಅರ್ಧಕ್ಕೆ ನಿಂತಿತು.

ಹೊರಸಿನ ಮೇಲಿದ್ದ ಅಪ್ಪ ಹೊರಳಿ ನನ್ನನ್ನು ನೋಡಿದ.

"ನಿನ್ನ ಭಾರ ಸಾಲೂದಿಲ್ಲವಾ," ಅಂದ. "ಇಳಿ."

ಇಳಿಯಲು ಮನಸ್ಸಾಗಲಿಲ್ಲ. ಪಕ್ಕದಲ್ಲಿ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟು, ತುಸು ಸರಿದು ಕುಳಿತೆ.