ಖಾಡಿಯಲ್ಲಿ ಕೇಳಿದ ತುಳು

ಮುಂಬಯಿ ಬಳಿ ಸಮುದ್ರದ ನೀರು ಒಳನುಗ್ಗುವ ಮುಂಬ್ರಾ ಖಾಡಿಯ ಹಕ್ಕಿಗಳ ದನಿ ಗುರುತಿಸುವ ಪ್ರೊಫೆಸರರ ಪ್ರಾಜೆಕ್ಟಿನಲ್ಲಿ ನಾವು ಮೂವರು ಪದವಿ ವಿದ್ಯಾರ್ಥಿಗಳಿದ್ದೆವು: ಜೀವಶಾಸ್ತ್ರದವಳು, ಕಂಪ್ಯೂಟರಿನವನು, ಭಾಷಾಶಾಸ್ತ್ರದ ನಾನು. ಕಾಲಿಟ್ಟರೆ ಸೊಂಟದವರೆಗೆ ಹೂತುಹೋಗುವ ಕೆಸರಿನ ನಡುವೆ, ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಮರಕ್ಕೆ ದೋಣಿಯಲ್ಲಿ ಹೋಗಿ ರೆಕಾರ್ಡರ್ ಕಟ್ಟಿ ಬಂದಿದ್ದೆವು.

ಲ್ಯಾಬಿನಲ್ಲಿ ರೆಕಾರ್ಡಿಂಗ್ ಕೇಳುವಾಗ ಜೀವಶಾಸ್ತ್ರದ ಗೆಳತಿ ತಡೆದಳು. "ಯೇ ಕೌನ್ಸಾ ಪಕ್ಷಿ ಹೈ?"

ಅದು ಹೆಂಗಸಿನ ದನಿ. "ಬಲಾ ಮಗಾ, ಒಣಸ್ ಮಲ್ಪುಗ" ಎಂದು ತುಳುವಿನಲ್ಲಿ ಊಟಕ್ಕೆ ಕರೆಯುತ್ತಿತ್ತು.

"ದೋಣಿಯವರಿರಬೇಕು, ಕಟ್ ಮಾಡಿ," ಅಂದರು ಪ್ರೊಫೆಸರ್.

ಸಂಜೆ ಡೊಂಬಿವಲಿಯ ಮನೆಯಲ್ಲಿ ಫೋನಿಗೆ ಇಳಿಸಿಕೊಂಡಿದ್ದ ಆ ತುಣುಕನ್ನು ಮತ್ತೆ ಹಾಕಿದೆ. ಅಡುಗೆಮನೆಯಿಂದ ಅಮ್ಮ "ಬತ್ತೆ ಅಮ್ಮಾ" ಎಂದು ಓಗೊಟ್ಟಳು. ಮರುಕ್ಷಣವೇ ಮುಖ ಬಿಳಿಚಿಕೊಂಡು ಬಾಗಿಲಿಗೆ ಬಂದಳು.

"ನಿನ್ನ ಅಜ್ಜಿಯ ಸ್ವರ ಇದರಲ್ಲಿ ಹೇಗೆ ಬಂತು?"

ಅಜ್ಜಿ ತೀರಿಕೊಂಡದ್ದು ನಾನು ಹುಟ್ಟುವ ಮೊದಲು. ನಾನು ಮತ್ತೆ ಖಾಡಿಗೆ ಹೋಗಲಿಲ್ಲ. ಆ ತುಣುಕನ್ನು ಅಳಿಸಲು ಮಾತ್ರ ಅಮ್ಮ ಬಿಡಲಿಲ್ಲ.